ಸರ್ವಿಸ್ ದಿನದ ಬದಲಿ ಕಾರು

ಕಾರನ್ನು ಸರ್ವಿಸಿಗೆ ಬಿಟ್ಟ ದಿನ ಮಾಲೀಕರ ಓಡಾಟಕ್ಕೆಂದು ಡೀಲರೇ ಕೊಡುವ ಗಾಡಿಗೆ ಬ್ರಿಟನ್ನಿನಲ್ಲಿ ಕರ್ಟಸಿ ಕಾರು ಎನ್ನುತ್ತಾರೆ. ಅಮೆರಿಕದಲ್ಲಿ ಅದೇ ಲೋನರ್ ಕಾರು. ಬೆಳಿಗ್ಗೆ ತಮ್ಮ ಕಾರಿನ ಕೀ ಕೊಟ್ಟು ಇನ್ನೊಂದರ ಕೀ ಪಡೆಯುವುದು, ಸಂಜೆ ಅದನ್ನು ಮರಳಿಸಿ ತಮ್ಮದನ್ನು ಒಯ್ಯುವುದು, ಇಷ್ಟೇ ಏರ್ಪಾಡು. ಆದರೂ ಬ್ರಿಟನ್ನಿನ ಸರ್ವಿಸ್ ಕೌಂಟರುಗಳಲ್ಲಿ ಮಾತು ಕೆಡುವುದು ಇದೇ ವಿಷಯಕ್ಕೆ. ತಾವು ತೆರುವ ಹಣದಲ್ಲೇ ಈ ಸೌಲಭ್ಯವೂ ಸೇರಿದೆ ಎಂದು ಗ್ರಾಹಕರು ತಿಳಿದಿರುತ್ತಾರೆ. ಗಾಡಿ ಖಾಲಿ ಇದ್ದರೆ ಮಾಡುವ ಉಪಚಾರ ಎಂದು ಡೀಲರ್ ಕಡೆಯವರು ಎಣಿಸಿರುತ್ತಾರೆ. ಬುಕಿಂಗ್ ಮಾಡುವಾಗ ಬಿಡಿಸಿ ಹೇಳದೆ ಉಳಿದ ಮಾತು ಸರ್ವಿಸ್ ದಿನ ಬೆಳಿಗ್ಗೆ ತಕರಾರಾಗುತ್ತದೆ.

ಗೊಂದಲಕ್ಕೆ ಒಂದು ಕಾರಣ, ಬದಲಿ ಕಾರು ಬೇರೆ ಎರಡು ಸಂದರ್ಭಗಳಲ್ಲೂ ಸಿಗುವುದು. ಅಪಘಾತವಾದ ಕಾರು ವಿಮಾ ಕಂಪನಿ ಸೂಚಿಸಿದ ಗ್ಯಾರೇಜಿನಲ್ಲಿ ರಿಪೇರಿಯಾಗುವಷ್ಟು ದಿನ ಸಿಗುವ ಗಾಡಿ, ಹೆಚ್ಚಾಗಿ ಒಂದು ಸಣ್ಣ ಹ್ಯಾಚ್‌ಬ್ಯಾಕ್, ಪಾಲಿಸಿಯ ಷರತ್ತಿನಿಂದ ಬಂದದ್ದು. ಹೊಸ ಕಾರು ದಾರಿಯಲ್ಲಿ ಕೆಟ್ಟು ನಿಂತಾಗ ವಾರಂಟಿ ಅಥವಾ ರಸ್ತೆ ನೆರವಿನ ಯೋಜನೆಯಡಿ ಸಿಗುವುದು ತಯಾರಕರ ಲೆಕ್ಕದ್ದು. ಎರಡಕ್ಕೂ ಬರಹದ ಆಧಾರವಿದೆ. ಆಯಿಲ್, ಫಿಲ್ಟರ್ ಬದಲಿಸಿ ಬ್ರೇಕ್ ನೋಡುವ ವಾರ್ಷಿಕ ಸರ್ವಿಸಿಗೆ ಅಂಥ ಆಧಾರ ಸಾಮಾನ್ಯವಾಗಿ ಇರುವುದಿಲ್ಲ. ಒಮ್ಮೆ ಅಪಘಾತದಲ್ಲಿ ಬದಲಿ ಕಾರು ಪಡೆದವರು ಸರ್ವಿಸಿಗೂ ಅದನ್ನೇ ನಿರೀಕ್ಷಿಸುವುದು ಸಹಜ.

ಕಾನೂನು ಈ ವ್ಯತ್ಯಾಸವನ್ನು ಒಪ್ಪುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ದೋಷವಿರುವ ಕಾರನ್ನು ಮಾರಿದ ವ್ಯಾಪಾರಿ ಅದನ್ನು ರಿಪೇರಿ ಮಾಡಿಕೊಡುವಾಗ ಕೊಂಡವರಿಗೆ ಹೆಚ್ಚಿನ ಅನನುಕೂಲ ಆಗಬಾರದು. ಈ ಮಾತನ್ನು ಹಿಡಿದು ಬದಲಿ ಗಾಡಿ ಕೇಳಲು ದಾರಿಯಿದೆ. ಸರ್ವಿಸ್ ಎನ್ನುವುದು ದೋಷದ ಪರಿಹಾರವಲ್ಲ, ಮಾಲೀಕರು ದುಡ್ಡು ಕೊಟ್ಟು ಮಾಡಿಸುವ ಕೆಲಸ. ಅಲ್ಲಿ ಕಾಯ್ದೆ ಕೇಳುವುದು ಮುಖ್ಯವಾಗಿ ಕೆಲಸ ಜಾಗ್ರತೆಯಿಂದ, ಸಲ್ಲುವ ಕೌಶಲದಿಂದ ನಡೆಯಬೇಕು ಎಂಬುದನ್ನು. ಆದರೆ ಅದೇ ಕಾಯ್ದೆಯ 50ನೇ ಸೆಕ್ಷನ್ ಗ್ರಾಹಕರ ಕೈಗೆ ಒಂದು ಗಟ್ಟಿ ಹಿಡಿ ಕೊಟ್ಟಿದೆ. ಸೇವೆಯ ಬಗ್ಗೆ ವ್ಯಾಪಾರಿ ಬಾಯಲ್ಲಿ ಹೇಳಿದ್ದಾಗಲಿ, ಬರೆದು ಕೊಟ್ಟಿದ್ದಾಗಲಿ, ಅದನ್ನು ನಂಬಿ ಗ್ರಾಹಕರು ಒಪ್ಪಿಕೊಂಡಿದ್ದರೆ ಅದು ಒಪ್ಪಂದದ ಭಾಗವೇ ಆಗುತ್ತದೆ. ‘ಮಂಗಳವಾರ ನಿಮಗೊಂದು ಕಾರು ಇಟ್ಟಿರುತ್ತೇವೆ’ ಎಂದು ಫೋನಿನಲ್ಲಿ ಹೇಳಿದ ಸರ್ವಿಸ್ ಅಡ್ವೈಸರ್ ಆ ದಿನ ಕೈ ಚೆಲ್ಲುವಂತಿಲ್ಲ. ಬುಕಿಂಗಿನ ಇಮೇಲಿನಲ್ಲಿ ಆ ಒಂದು ಸಾಲು ಇರುವಂತೆ ನೋಡಿಕೊಂಡವರಿಗೆ ಮುಂದೆ ವಾದ ಮಾಡುವ ಪ್ರಮೇಯವೇ ಬರುವುದಿಲ್ಲ. ಅಷ್ಟಾದರೂ ಬಗೆಹರಿಯದ ದೂರುಗಳನ್ನು, ಡೀಲರ್ ಅದರ ಸದಸ್ಯನಾಗಿದ್ದರೆ, ಮೋಟಾರ್ ಒಂಬುಡ್ಸ್‌ಮನ್ ಸಂಸ್ಥೆಗೆ ಒಯ್ಯಬಹುದು.

ಒಂದೆರಡು ಗಂಟೆಯ ಕೆಲಸಕ್ಕೆ ಕಾರು ಇಡೀ ದಿನ ಏಕೆ ಬೇಕು ಎನ್ನುವುದು ಗ್ರಾಹಕರ ನ್ಯಾಯವಾದ ಪ್ರಶ್ನೆ. ಉತ್ತರ ವರ್ಕ್‌ಶಾಪಿನ ದಿನಚರಿಯಲ್ಲಿದೆ. ಬೆಳಿಗ್ಗೆ ಎಂಟರ ಸುಮಾರಿಗೆ ಹತ್ತಾರು ಕಾರುಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಒಬ್ಬ ಮೆಕ್ಯಾನಿಕ್‌ನ ಪಾಲಿಗೆ ಮೂರು ನಾಲ್ಕು ಜಾಬ್ ಕಾರ್ಡ್ ಬಂದಿದ್ದರೆ ಕೊನೆಯ ಕಾರು ಲಿಫ್ಟ್ ಏರುವುದು ಮಧ್ಯಾಹ್ನದ ಮೇಲೆ. ಮೂರು ವರ್ಷ ದಾಟಿದ ಕಾರಾದರೆ ಪ್ರತಿ ವರ್ಷ ಕಡ್ಡಾಯವಾದ ಎಂಒಟಿ, ಅಂದರೆ ಕಾರು ರಸ್ತೆಗೆ ತಕ್ಕ ಸ್ಥಿತಿಯಲ್ಲಿದೆಯೇ ಎಂಬ ಪರೀಕ್ಷೆಯೂ ಎಷ್ಟೋ ಸಲ ಅದೇ ದಿನ ನಡೆಯುತ್ತದೆ. ಅದಕ್ಕೆ ಬೇರೆ ಅಂಕಣ, ಬೇರೆ ಸರದಿ. ನಡುವೆ ಗ್ರಾಹಕರಿಗೆ ಒಂದು ಫೋನ್ ಹೋಗುತ್ತದೆ: ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಹಾಕಿಬಿಡೋಣವೇ? ಈಚೆಗೆ ಎಷ್ಟೋ ಡೀಲರುಗಳು ಲಿಫ್ಟಿನ ಕೆಳಗೆ ನಿಂತು ತೆಗೆದ ವಿಡಿಯೊವನ್ನೇ ಕಳಿಸುತ್ತಾರೆ. ಒಪ್ಪಿಗೆ ಬರುವವರೆಗೆ ಕಾರು ಕಾಯುತ್ತದೆ.

ಬದಲಿ ಕಾರಿನಿಂದ ವರ್ಕ್‌ಶಾಪಿಗೂ ಆಗುವ ಲಾಭ ಕಾಣುವುದು ಇಲ್ಲೇ. ಗ್ರಾಹಕರು ಕಾಯುವ ಕೋಣೆಯಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದರೆ ಅವರ ಕಾರನ್ನು ಮೊದಲು ಮುಗಿಸಬೇಕು, ಹೆಚ್ಚಿನ ಕೆಲಸ ಕಂಡರೂ ಇನ್ನೊಂದು ದಿನಕ್ಕೆ ತಳ್ಳಬೇಕು. ಬದಲಿ ಕಾರಿನಲ್ಲಿ ಕಚೇರಿಗೆ ಹೋದವರ ಗಾಡಿಯನ್ನು ಅನುಕೂಲ ನೋಡಿ ಎತ್ತಿಕೊಳ್ಳಬಹುದು, ಪ್ಯಾಡ್ ಬದಲಿಸುವುದಕ್ಕೂ ಸುಲಭವಾಗಿ ಒಪ್ಪಿಗೆ ಸಿಗುತ್ತದೆ. ಕೊಟ್ಟ ಗಾಡಿ ಹೊಸ ಮಾಡೆಲ್ ಆದರಂತೂ ಅದು ಇಡೀ ದಿನದ ಟೆಸ್ಟ್ ಡ್ರೈವ್. ಹಳೆಯ ಕಾರು ಬದಲಿಸುವ ಆಸೆ ಅಲ್ಲೇ ಹುಟ್ಟಬಹುದು. ಆದ್ದರಿಂದ ಇದನ್ನು ಡೀಲರ್ ತೋರುವ ಬರಿಯ ಔದಾರ್ಯವೆಂದು ತಿಳಿದು ಗ್ರಾಹಕರು ಸಂಕೋಚದಿಂದ ಕೇಳಬೇಕಾಗಿಲ್ಲ. ಎರಡೂ ಕಡೆಗೆ ಲಾಭವಿರುವ ವ್ಯವಹಾರ ಇದು.

ಇಂಥ ನಿರೀಕ್ಷೆ ಬೆಳೆಯುವುದಕ್ಕೆ ದುಬಾರಿ ಕಾರುಗಳ ಪೈಪೋಟಿ ಬಹಳ ಮಟ್ಟಿಗೆ ಕಾರಣ. ಟೊಯೋಟಾ ಕಂಪನಿ 1989ರಲ್ಲಿ ಅಮೆರಿಕದಲ್ಲಿ ಲೆಕ್ಸಸ್ ಹೆಸರಿನ ಕಾರುಗಳನ್ನು ಮಾರತೊಡಗಿ ಕೆಲವೇ ತಿಂಗಳಾಗಿತ್ತು. ಎಲ್‌ಎಸ್ 400 ಮಾಡೆಲಿನಲ್ಲಿ ವೈರಿಂಗ್ ಮತ್ತು ಕ್ರೂಸ್ ಕಂಟ್ರೋಲ್ ಬಗ್ಗೆ ಬೆರಳೆಣಿಕೆಯ ದೂರುಗಳು ಬಂದವು. ಕಂಪನಿ ಆವರೆಗೆ ಮಾರಿದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಸಿತು. ಮಾಲೀಕರ ಮನೆಯಿಂದ ಕಾರು ಒಯ್ದು, ಸರಿಮಾಡಿ ತಂದು ಬಿಡುವ ಕೆಲಸವನ್ನು ಸುಮಾರು 20 ದಿನಗಳಲ್ಲಿ ಮುಗಿಸಿತು. ಹೊಸ ಬ್ರಾಂಡಿಗೆ ಕೆಟ್ಟ ಹೆಸರು ತರಬಹುದಾಗಿದ್ದ ಪ್ರಸಂಗ ಅದರ ಹೆಸರನ್ನೇ ಗಟ್ಟಿಮಾಡಿತು. ಕಾರು ಡೀಲರ್ ಬಳಿ ಇರುವ ಹೊತ್ತು ಗ್ರಾಹಕರ ದಿನ ಕೆಡಬಾರದು ಎಂಬ ಮಾತಿಗೆ ಬೆಲೆ ಬಂತು. ಬದಲಿ ಕಾರು ದುಬಾರಿ ಬ್ರಾಂಡುಗಳ ಗುರುತಾಗಿ, ಅಲ್ಲಿಂದ ಸಾಧಾರಣ ಕಾರು ಕೊಂಡವರ ಮನಸ್ಸಿಗೂ ಇಳಿಯಿತು. ಬ್ರಿಟನ್ನಿಗೆ 2021ರಲ್ಲಿ ಬಂದ ದುಬಾರಿ ಬ್ರಾಂಡ್ ಜೆನೆಸಿಸ್ ತನ್ನ ಐದು ವರ್ಷದ ಸೇವಾ ಯೋಜನೆಯಲ್ಲೇ ಕರ್ಟಸಿ ಕಾರನ್ನು ಬರೆದು ಸೇರಿಸಿತು. ಹೀಗೆ ಬರೆದು ಕೊಡುವುದೇ ನೇರವಾದ ಕ್ರಮ. ಶೋರೂಮಿನಲ್ಲಿ ಸೇಲ್ಸ್‌ನವರು ಬಾಯಿಮಾತಿನಲ್ಲಿ ಹೇಳುವ ‘ಸರ್ವಿಸಿಗೆ ಬಂದಾಗ ಕಾರು ಕೊಡುತ್ತೇವೆ’ ಎಂಬುದು ಸರ್ವಿಸ್ ವಿಭಾಗದ ಕಿವಿಗೆ ಬಿದ್ದೇ ಇರುವುದಿಲ್ಲ.

ಎಲ್ಲರಿಗೂ ಕೊಡಲು ಆಗದಿರುವುದಕ್ಕೆ ಕಾರಣ ಖರ್ಚು. ಬದಲಿ ಕಾರುಗಳ ಬೆಲೆ ದಿನದಿನಕ್ಕೂ ಇಳಿಯುತ್ತದೆ. ವಿಮೆ, ರಸ್ತೆ ತೆರಿಗೆ, ತೊಳೆಯುವ ಕೂಲಿ, ಕಾಗದಪತ್ರ ನೋಡುವ ಸಿಬ್ಬಂದಿ ಎಲ್ಲವೂ ಡೀಲರ್ ಮೈಮೇಲೆ ಬೀಳುತ್ತದೆ. ಕೊನೆಗೆ ಅದು ಗ್ರಾಹಕರ ಬಿಲ್ಲಿನ ಲೇಬರ್ ದರದೊಳಗೇ ಸೇರಿರುತ್ತದೆ. ಎಷ್ಟೋ ಡೀಲರುಗಳು ಈ ಕಾರುಗಳನ್ನು ಕೆಲವು ತಿಂಗಳು ಓಡಿಸಿ, ಬಳಿಕ ಹೆಚ್ಚು ಹಳತಾಗದ ಸೆಕೆಂಡ್ ಹ್ಯಾಂಡ್ ಕಾರಾಗಿ ಮಾರುತ್ತಾರೆ. 2021ರ ಚಿಪ್ ಕೊರತೆಯಿಂದ ಹೊಸ ಕಾರುಗಳೇ ಸಿಗದಾದಾಗ ಬದಲಿ ಕಾರುಗಳ ಸಾಲೂ ಕರಗಿತು. ದಿನಕ್ಕೆ 30 ಕಾರು ಸರ್ವಿಸ್ ಮಾಡುವ ಡೀಲರ್ ಬಳಿ ಆರು ಬದಲಿ ಗಾಡಿ ಇವೆ ಎಂದುಕೊಂಡರೆ ಐವರಲ್ಲಿ ನಾಲ್ವರಿಗೆ ಇಲ್ಲ ಎನ್ನಲೇಬೇಕು. ಕಾರು ಬೇಡ ಎಂದರೆ ಈ ವಾರವೇ, ಬೇಕೆಂದರೆ ಎರಡು ಮೂರು ವಾರ ಬಿಟ್ಟು ಸರದಿ ಸಿಗುವುದು ಇದರಿಂದಲೇ. ಎಂಒಟಿಯಲ್ಲಿ ಒಂದು ಕಾರು ಫೇಲಾಗಿ, ಬಿಡಿಭಾಗ ಮರುದಿನ ಬರುವುದೆಂದಾದರೆ ಆ ಮಾಲೀಕರ ಕೈಯಲ್ಲಿರುವ ಬದಲಿ ಕಾರು ಹಿಂತಿರುಗುವುದಿಲ್ಲ. ಮರುದಿನ ಅದನ್ನೇ ನಂಬಿ ಬಂದವರು ಕೌಂಟರಿನಲ್ಲಿ ಬರಿಗೈಲಿ ನಿಲ್ಲುತ್ತಾರೆ.

ಸಿಕ್ಕಾಗಲೂ ನಿರೀಕ್ಷೆಗೂ ಗಾಡಿಗೂ ಅಂತರ ಇದ್ದೇ ಇರುತ್ತದೆ. ದೊಡ್ಡ ಎಸ್‌ಯುವಿ ಬಿಟ್ಟವರಿಗೆ ಪುಟ್ಟ ಹ್ಯಾಚ್‌ಬ್ಯಾಕ್ ಸಿಗಬಹುದು. ಅಂತಸ್ತಿನ ಮಾತು ಹಾಗಿರಲಿ, ಇದರಲ್ಲಿ ನಿಜವಾದ ತೊಡಕುಗಳೂ ಇವೆ. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ ಗಾಡಿಯಲ್ಲಿ ಪರೀಕ್ಷೆ ಪಾಸಾದವರು ಗೇರ್ ಗಾಡಿ ಓಡಿಸುವಂತಿಲ್ಲ, ಲೈಸೆನ್ಸೇ ಸಲ್ಲದು. 12 ವರ್ಷ ತುಂಬದ, 135 ಸೆಂಟಿಮೀಟರ್ ಎತ್ತರ ಬೆಳೆಯದ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕು. ಅದನ್ನು ತಮ್ಮ ಕಾರಿನಿಂದ ಬಿಚ್ಚಿ ತರುವುದು ನೆನಪಾಗದೆ ಹೋದರೆ ಸಂಜೆ ಶಾಲೆಯ ಗೇಟಿನಲ್ಲಿ ಪೇಚು. ಕೈಯಿಂದಲೇ ಬ್ರೇಕ್, ಆಕ್ಸಿಲರೇಟರ್ ನಡೆಸುವಂತೆ ಮಾರ್ಪಡಿಸಿದ ಕಾರು ಬಳಸುವ ಅಂಗವಿಕಲರಿಗೆ ಸಾಮಾನ್ಯ ಬದಲಿ ಕಾರು ಇದ್ದೂ ಇಲ್ಲದಂತೆ. ಇವರಿಗೆ ಮನೆಯಿಂದ ಕಾರು ಒಯ್ದು ತಂದುಬಿಡುವುದೇ ತಕ್ಕ ವ್ಯವಸ್ಥೆ, ಸರದಿಯಲ್ಲೂ ಮೊದಲ ಅವಕಾಶ ಇವರಿಗೆ ಸಲ್ಲಬೇಕು.

ಕೀ ಕೈಗೆ ಬರುವ ಮುಂಚೆ ಹತ್ತು ಹದಿನೈದು ನಿಮಿಷ ಕಾಗದದ ಕೆಲಸವಿರುತ್ತದೆ. ಮೊದಲು ಲೈಸೆನ್ಸ್. 2015ರಿಂದ ಅದರ ಕಾಗದದ ಭಾಗ ರದ್ದಾಗಿರುವುದರಿಂದ, ದಂಡದ ಪಾಯಿಂಟುಗಳ ವಿವರ ತೋರಿಸಲು ಸರ್ಕಾರಿ ಜಾಲತಾಣದಿಂದ ಪಡೆದ ಕೋಡ್ ಕೊಡಬೇಕಾಗಬಹುದು. 17ಕ್ಕೇ ಕಾರಿನ ಲೈಸೆನ್ಸ್ ಸಿಗುವ ದೇಶವಾದರೂ ಡೀಲರ್ ವಿಮೆ 21 ಅಥವಾ 25 ತುಂಬದವರನ್ನು ಹೊರಗಿಡುವುದು ಸಾಮಾನ್ಯ. ಕೆಲವರು ದಿನಕ್ಕಿಷ್ಟು ಎಂದು ವಿಮೆಯ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲವರು ಗ್ರಾಹಕರ ಸ್ವಂತ ಪಾಲಿಸಿಯನ್ನೇ ಆ ದಿನಕ್ಕೆ ಈ ಗಾಡಿಗೆ ವಿಸ್ತರಿಸಲು ಹೇಳುತ್ತಾರೆ. ಸಹಿ ಹಾಕುವಾಗ ನೋಡಬೇಕಾದ ಸಾಲು ‘ಎಕ್ಸೆಸ್’, ಅಂದರೆ ಅಪಘಾತವಾದರೆ ವಿಮೆಗೆ ಮುಂಚೆ ಓಡಿಸಿದವರೇ ಕೊಡಬೇಕಾದ ಮೊತ್ತ. ಅದು ನೂರಾರು ಪೌಂಡ್ ಇರುವುದು ಅಪರೂಪವಲ್ಲ. ಆಮೇಲೆ ಫಾರಮ್ಮಿನಲ್ಲಿ ಕಾರಿನ ಚಿತ್ರದ ಮೇಲೆ ಗೀರು, ತಗ್ಗುಗಳನ್ನು ಗುರುತು ಮಾಡಿ ಗಾಡಿಯನ್ನು ಒಂದು ಸುತ್ತು ಬರುತ್ತಾರೆ. ಮಳೆಯಲ್ಲಿ ನೆನೆದ ಕಾರಿನ ಮೇಲೆ ಸಣ್ಣ ಗೀರು ಕಾಣುವುದಿಲ್ಲ. ಫುಟ್‌ಪಾತಿನ ಕಲ್ಲಿಗೆ ಉಜ್ಜಿದ ಅಲಾಯ್ ಚಕ್ರ, ಗಾಜಿನ ಮೇಲಿನ ಚುಕ್ಕೆಯಷ್ಟು ಒಡಕು ಕಣ್ತಪ್ಪುತ್ತವೆ. ನಾಲ್ಕೂ ಚಕ್ರ, ಗಾಜು, ಮೀಟರು, ಇಂಧನದ ಮುಳ್ಳು, ಇಷ್ಟನ್ನು ಹೊರಡುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದುಕೊಂಡರೆ ಸಂಜೆ ಯಾರನ್ನೂ ಅನುಮಾನಿಸಬೇಕಾಗುವುದಿಲ್ಲ.

ಪೆಟ್ರೋಲ್ ಎಷ್ಟಿತ್ತೋ ಅಷ್ಟೇ ಇರಿಸಿ ಮರಳಿಸುವುದು ರೂಢಿ. ಎಲೆಕ್ಟ್ರಿಕ್ ಕಾರಾದರೆ ಎಷ್ಟು ಚಾರ್ಜ್ ಇರಬೇಕು, ಕೇಬಲ್ ಜೊತೆಗಿದೆಯೇ ಎಂದು ಕೇಳಿಕೊಳ್ಳಬೇಕು. ಹೆಚ್ಚು ಜನ ಎಡವುವುದು ಟೋಲ್ ವಿಷಯದಲ್ಲಿ. ಲಂಡನ್ನಿನ ನಡುಭಾಗಕ್ಕೆ 2003ರಿಂದ ಇರುವ ಸಂಚಾರ ದಟ್ಟಣೆ ಶುಲ್ಕವಾಗಲಿ, 2014ರಿಂದ ಬೂತುಗಳಿಲ್ಲದ ಡಾರ್ಟ್‌ಫರ್ಡ್ ಸುರಂಗ ಮತ್ತು ಸೇತುವೆಯ ಶುಲ್ಕವಾಗಲಿ ಕ್ಯಾಮೆರಾ ಓದಿದ ನಂಬರ್ ಪ್ಲೇಟಿಗೆ ಬೀಳುತ್ತದೆ. ಸ್ವಂತ ಕಾರಿನ ನಂಬರಿಗೆ ಹೊಂದಿಸಿಟ್ಟ ತನ್ನಿಂತಾನೇ ಪಾವತಿಯಾಗುವ ಖಾತೆ ಬದಲಿ ಕಾರನ್ನು ಗುರುತಿಸುವುದಿಲ್ಲ. ವೇಗ ಮೀರಿದ ನೋಟಿಸೂ ಮೊದಲು ಹೋಗುವುದು ಗಾಡಿ ನೋಂದಣಿಯಾದ ಡೀಲರಿಗೆ. ಆ ಹೊತ್ತು ಓಡಿಸಿದವರು ಯಾರೆಂದು ತಿಳಿಸುವುದು ಡೀಲರಿನ ಕಾನೂನುಬದ್ಧ ಹೊಣೆ. ದಂಡದ ಜೊತೆಗೆ ಕಾಗದಪತ್ರದ ಖರ್ಚೆಂದು ಡೀಲರ್ ಬೇರೆ ಶುಲ್ಕ ಹಾಕುವುದೂ ಉಂಟು.

ಕರ್ನಾಟಕದ ಊರುಗಳಲ್ಲಿ ಸರ್ವಿಸಿಗೆ ಕಾರು ಬಿಟ್ಟವರು ಬದಲಿ ಕಾರು ಕೇಳುವುದು ಕಡಿಮೆ. ಇಲ್ಲಿ ಬೇರೂರಿರುವುದು ಪಿಕಪ್ ಅಂಡ್ ಡ್ರಾಪ್. ವರ್ಕ್‌ಶಾಪಿನ ಡ್ರೈವರ್ ಮನೆಗೆ ಬಂದು ಕಾರು ಒಯ್ದು, ಸಂಜೆ ತಂದು ಬಿಡುತ್ತಾನೆ. ಒಂದು ಕಾರನ್ನು ಬದಲಿಗಾಗಿ ಮೀಸಲಿಡುವುದಕ್ಕಿಂತ ಡ್ರೈವರ್ ಸಂಬಳ ಅಗ್ಗ. ಮನೆಯಲ್ಲಿ ಸ್ಕೂಟರ್, ಬೀದಿಯಲ್ಲಿ ಆಟೊ ಇದ್ದೇ ಇರುತ್ತದೆ. ಕಾನೂನೂ ಅಡ್ಡ ಬರುತ್ತದೆ. ಟ್ರೇಡ್ ಸರ್ಟಿಫಿಕೇಟ್ ಮೇಲೆ ಓಡುವ, ನೋಂದಣಿಯಾಗದ ಕಾರನ್ನು ಪರೀಕ್ಷೆ, ಪ್ರದರ್ಶನಗಳಂಥ ಗೊತ್ತುಪಡಿಸಿದ ಕೆಲಸಗಳಿಗಷ್ಟೇ ಬಳಸಬಹುದು. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವಂತಿಲ್ಲ. ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಬೇಕು. ಪಿಕಪ್ ಏರ್ಪಾಡಿನಲ್ಲಿ ಮಾಲೀಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ದಾರಿಯಲ್ಲಿ ಡ್ರೈವರ್ ಕೈಯಲ್ಲಿ ಕಾರು ತಗುಲಿದರೆ ರಿಪೇರಿ ಯಾರ ಲೆಕ್ಕಕ್ಕೆ, ಸಿಗ್ನಲ್ ಜಿಗಿದ ದಂಡದ ಚಲನ್ ಮಾಲೀಕರ ಹೆಸರಿಗೆ ಬಂದರೆ ಕಟ್ಟುವವರು ಯಾರು. ಕೀ ಕೊಡುವ ಮುಂಚೆ ಕಿಲೋಮೀಟರ್ ರೀಡಿಂಗ್ ಮತ್ತು ಹೊತ್ತನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡಿದ್ದರೆ ಈ ಎರಡು ಪ್ರಶ್ನೆಗಳಿಗೂ ವರ್ಕ್‌ಶಾಪಿನಿಂದ ಉತ್ತರ ಪಡೆಯುವುದು ಸುಲಭ.