ನೆಟ್ ಎಲ್ಲಿ ನಿಂತಿದೆ?

ಹೊಸದಾಗಿ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಮನೆಗಳಿಂದ ಮೊದಲ ವಾರ ಹೊರಡುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ‘ನೆಟ್ ಸ್ಲೋ’, ‘ವೈಫೈ ಫುಲ್ ಇದೆ, ಏನೂ ಓಪನ್ ಆಗ್ತಿಲ್ಲ’, ‘ನೂರರ ಪ್ಲಾನ್, ಹನ್ನೆರಡೇ ಬರ್ತಿದೆ’. ಕಸ್ಟಮರ್ ಕೇರ್‌ನ ಉತ್ತರವೂ ಬಹುಪಾಲು ಒಂದೇ: ರೂಟರ್ ಆಫ್ ಮಾಡಿ ಆನ್ ಮಾಡಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಏಕೆ ಕೆಟ್ಟಿತ್ತು, ಏಕೆ ಸರಿಹೋಯಿತು ಎಂಬುದು ತಿಳಿಯದಿದ್ದರೆ ನಾಳೆ ಮತ್ತೆ ಅದೇ ಪಾಡು.

ನಾವು ನೆಟ್ ಎಂದು ಕರೆಯುವುದು ಕೊಂಡಿಗಳ ಒಂದು ಸಾಲು. ಕಂಪನಿಯ ಕೇಂದ್ರದಿಂದ ಬೀದಿಯ ಸ್ಪ್ಲಿಟರ್‌ಗೆ, ಅಲ್ಲಿಂದ ಮನೆಯ ಒಎನ್‌ಟಿ ಪೆಟ್ಟಿಗೆಗೆ ಮಾಹಿತಿ ಬರುವುದು ಬೆಳಕಾಗಿ. ಪೆಟ್ಟಿಗೆಯಿಂದ ರೂಟರಿಗೆ ಅಥವಾ ಕಂಪ್ಯೂಟರಿಗೆ ತಾಮ್ರದ ತಂತಿಯಲ್ಲಿ ವಿದ್ಯುತ್ತಾಗಿ. ರೂಟರಿನಿಂದ ಫೋನಿಗೆ ರೇಡಿಯೊ ಅಲೆಯಾಗಿ. ಒಂದೊಂದು ಮಾಧ್ಯಮ ಕೆಡುವ ರೀತಿಯೇ ಬೇರೆ, ಆದರೆ ಫೋನಿನ ಪರದೆಯ ಮೇಲೆ ಎಲ್ಲವೂ ಸುತ್ತುವ ಒಂದೇ ಚಕ್ರವಾಗಿ ಕಾಣುತ್ತವೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ‘ಏನಾಗಿದೆ?’ ಎಂದಲ್ಲ, ‘ಎಲ್ಲಿ ಆಗಿದೆ?’ ಎಂದು. ಸಾಲನ್ನು ನಡುವೆ ಮುರಿದು ದೋಷ ಆಚೆಯೋ ಈಚೆಯೋ ಎಂದು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನಷ್ಟೇ ಬದಲಾಯಿಸಬೇಕು.

ಮೊದಲು ಬೆಳಕಿನ ತುಂಡು. ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರೊಮೀಟರ್. ಸುತ್ತಲಿನ ಗಾಜೂ ಸೇರಿದರೆ 125. ಮನೆ ಸಂಪರ್ಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಮನೆಯತ್ತ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಮನೆಯಿಂದ ಹೊರಡುವುದರದು 1310. ಎರಡೂ ಅವಕೆಂಪು ಬೆಳಕು. ಕಣ್ಣಿಗೂ ಕಾಣದು, ಫೋನಿನ ಕ್ಯಾಮೆರಾಕ್ಕೂ ಕಾಣದು. ಬಿಚ್ಚಿದ ತುದಿಯನ್ನು ಎಂದೂ ಕಣ್ಣಿಗೆ ನೇರ ಹಿಡಿಯಬಾರದು. ಬೆಳಕು ಬರುತ್ತಿದೆಯೇ ಎಂದು ಪೆಟ್ಟಿಗೆಯ ದೀಪಗಳೇ ಹೇಳುತ್ತವೆ. ‘ಎಲ್‌ಒಎಸ್’ ಕೆಂಪಾಗಿ ಮಿನುಗಿದರೆ ಬೆಳಕು ತಲುಪುತ್ತಿಲ್ಲ. ‘ಪಿಒಎನ್’ ಹಸಿರು ದೀಪ ಮಿನುಗುತ್ತಲೇ ಇದ್ದರೆ ಬೆಳಕು ತಲುಪಿದೆ, ಆದರೆ ಕೇಂದ್ರದಲ್ಲಿ ಪೆಟ್ಟಿಗೆಯ ನೋಂದಣಿ ಮುಗಿದಿಲ್ಲ. ಆ ದೀಪ ಸ್ಥಿರವಾಗಿದ್ದೂ ‘ಇಂಟರ್ನೆಟ್’ ದೀಪ ಹಸಿರಾಗದಿದ್ದರೆ ಫೈಬರಿನ ತಪ್ಪಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ತಪ್ಪಿರಬಹುದು, ಇಲ್ಲವೇ ಖಾತೆ ಇನ್ನೂ ಚಾಲೂ ಆಗಿರಲಿಕ್ಕಿಲ್ಲ. ಹೊಸ ಸಂಪರ್ಕದಲ್ಲಿ ಇದು ಆಗಾಗ ಎದುರಾಗುವ ತೊಂದರೆ.

ಬೆಳಕು ಬಂದರೆ ಸಾಲದು, ಸಾಕಷ್ಟು ಬರಬೇಕು. ಲೈನ್‌ಮನ್ ಪುಟ್ಟ ಮೀಟರ್ ಹಿಡಿದು ‘ಪವರ್ ಲೋ ಇದೆ’ ಎನ್ನುವುದು ಇದನ್ನೇ. ಅಳತೆಯ ಮಾನ ಡಿಬಿಎಂ. ಒಂದು ಮಿಲಿವ್ಯಾಟ್ ಎಂದರೆ ಸೊನ್ನೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲೊಂದು ಪಾಲು. ಕೇಂದ್ರದಿಂದ ಸುಮಾರು 2 ಮಿಲಿವ್ಯಾಟ್ ಅಂದರೆ ಪ್ಲಸ್ 3 ಹೊರಟಿತು ಎನ್ನೋಣ. 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಬೆಳಕನ್ನು ಐದು ಸಲ ಅರ್ಧ ಮಾಡುತ್ತದೆ. ಸೋರಿಕೆ ಸೇರಿ ಅಲ್ಲೇ 17 ಡೆಸಿಬೆಲ್ ಹೋಯಿತು. ಗಾಜಿನಲ್ಲಿ ಕಿಲೋಮೀಟರಿಗೆ ಕಳೆಯುವುದು ಅರ್ಧ ಡೆಸಿಬೆಲ್‌ಗೂ ಕಡಿಮೆ. ಮನೆಗೆ ಮೈನಸ್ 18ರಿಂದ 24 ತಲುಪಿದರೆ ಚಿಂತೆಯಿಲ್ಲ. ಸಾಮಾನ್ಯ ಪೆಟ್ಟಿಗೆಗಳ ಮಿತಿ ಮೈನಸ್ 27ರ ಆಸುಪಾಸು, ಅಂದರೆ ಕೇವಲ 2 ಮೈಕ್ರೊವ್ಯಾಟ್. ಹೊರಟದ್ದರಲ್ಲಿ ಸಾವಿರದ ಒಂದು ಪಾಲು ಸಿಕ್ಕಿದರೂ ಯಂತ್ರ ಓದಿಕೊಳ್ಳುತ್ತದೆ. ಹಲವು ಪೆಟ್ಟಿಗೆಗಳಲ್ಲಿ ಈ ಅಂಕಿಯನ್ನು ನಾವೇ ನೋಡಬಹುದು, ಬ್ರೌಸರಿನಲ್ಲಿ 192.168.1.1 ತೆರೆದು, ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬಲ್ಲಿ ಹುಡುಕಬೇಕು.

ಎಷ್ಟೋ ಸಲ ಉದ್ದದ ಗಾಜಿಗಿಂತ ಹೆಚ್ಚಿನ ನಷ್ಟ ಆಗುವುದು ಮನೆಯೊಳಗಿನ ಕೊನೆಯ ಒಂದು ಮೀಟರಿನಲ್ಲಿ. ಬಾಗಿಲಿನ ಸಂದಿಯಲ್ಲಿ ಮಡಚಿಕೊಂಡ, ಮೊಳೆಗೆ ಬಿಗಿದು ಸುತ್ತಿದ ಫೈಬರಿನ ತಿರುವಿನಲ್ಲಿ ಬೆಳಕು ತಿರುಳಿನ ಅಂಚು ದಾಟಿ ಹೊರಗೆ ಸೋರುತ್ತದೆ. ಪೆಟ್ಟಿಗೆಗೆ ಸಿಕ್ಕಿಸುವ ಗಿಡ್ಡ ಫೈಬರ್ ತುಂಡಿನ, ಅಂದರೆ ಪ್ಯಾಚ್ ಕಾರ್ಡಿನ, ತುದಿಯನ್ನೂ ಗಮನಿಸಿ. ಹಸಿರು ಕನೆಕ್ಟರಿನಲ್ಲಿ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ತಿರುಗಿ ಹೊಮ್ಮುವ ಬೆಳಕು ತಿರುಳಿನಲ್ಲೇ ಹಿಂದಕ್ಕೆ ಹೋಗದಿರಲಿ ಎಂದು. ನೀಲಿಯದ್ದಕ್ಕೆ ಓರೆಯಿಲ್ಲ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಎರಡು ಮುಖಗಳ ನಡುವೆ ಸಂದಿ ಉಳಿಯುತ್ತದೆ. ದೀಪ ಹಸಿರಾಗಿದ್ದರೂ ಅಂಕಿ ಕುಸಿದಿರುತ್ತದೆ. ತುದಿಗೆ ಕೂತ ದೂಳಿನ ಒಂದು ಕಣ 9 ಮೈಕ್ರೊಮೀಟರಿನ ದಾರಿಗೆ ಅಡ್ಡವಾಗಲು ಸಾಕು.

ಈ ಗಾಜು ನಮ್ಮ ಮನೆಗೆ ಬಂದದ್ದೂ ಇಂಥದೇ ಹುಡುಕಾಟದಿಂದ. 1960ರ ದಶಕದಲ್ಲಿ ಒಳ್ಳೆಯ ಗಾಜಿನಲ್ಲೂ ಬೆಳಕು ಕೆಲವು ಮೀಟರ್ ಸಾಗುವಷ್ಟರಲ್ಲಿ ಬಹುಪಾಲು ನಂದುತ್ತಿತ್ತು. ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿದ್ದ ಚಾರ್ಲ್ಸ್ ಕಾವ್, ನಷ್ಟ ಗಾಜಿನದ್ದೋ ಗಾಜಿನೊಳಗಿನ ಕಲ್ಮಶದ್ದೋ ಎಂದು ಬೇರ್ಪಡಿಸಿ ನೋಡಿದರು. 1966ರಲ್ಲಿ ಜಾರ್ಜ್ ಹಾಕಮ್ ಜೊತೆ ಪ್ರಕಟಿಸಿದ ಲೇಖನದಲ್ಲಿ, ಕಬ್ಬಿಣದಂಥ ಕಲ್ಮಶ ತೆಗೆದರೆ ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟ ಸಾಧ್ಯ ಎಂದು ವಾದಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಅದನ್ನು ಮಾಡಿ ತೋರಿಸಿತು. 2009ರಲ್ಲಿ ಕಾವ್ ಅವರಿಗೆ ನೊಬೆಲ್ ಬಂತು. ನಷ್ಟ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು; ಅದು ಎಲ್ಲಿಂದ ಬರುತ್ತದೆ ಎಂದು ತಿಳಿದ ಮೇಲೆ ದಾರಿ ತೆರೆಯಿತು.

ಇನ್ನು ತಾಮ್ರ. ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರ ಪೆಟ್ಟಿಗೆಗೆ ಜೋಡಿಸಿ ವೇಗ ಅಳೆಯುವುದು ಮನೆಯಲ್ಲಿ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಪರೀಕ್ಷೆ. ಕೇಬಲ್ಲಿನಲ್ಲಿ ಪೂರ್ತಿ ವೇಗ ಬಂದು ಫೋನಿನಲ್ಲಿ ಬಾರದಿದ್ದರೆ ತೊಂದರೆ ವೈಫೈಯದು. ಕೇಬಲ್ಲಿನಲ್ಲೂ ಬಾರದಿದ್ದರೆ ಅದರ ಆಚೆಯದು. ಅಳೆಯುವಾಗ ಮಾನ ಬೆರೆಸಬಾರದು. ಪ್ಲಾನಿನ 100 ಮೆಗಾಬಿಟ್. ಡೌನ್‌ಲೋಡ್ ಕಿಟಕಿ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಸೆಕೆಂಡಿಗೆ 12 ಮೆಗಾಬೈಟ್ ಬಂದರೆ ನೂರರ ಪ್ಲಾನ್ ನೂರೇ ಕೊಡುತ್ತಿದೆ. 300ರ ಪ್ಲಾನ್ ಹಾಕಿಸಿಕೊಂಡವರಿಗೆ ಎಷ್ಟು ಸಲ ಅಳೆದರೂ 94ರ ಹತ್ತಿರವೇ ನಿಂತರೆ ಅದಕ್ಕೆ ಸ್ಪಷ್ಟ ಕಾರಣವಿದೆ. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, 100 ಮೆಗಾಬಿಟ್‌ಗೆ ನಾಲ್ಕು ಸಾಕು. ತುದಿಗೆ ಪ್ಲಗ್ ಕ್ರಿಂಪ್ ಮಾಡುವಾಗ ಒಂದು ಎಳೆ ಕಚ್ಚಿಕೊಳ್ಳದಿದ್ದರೆ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಅದರಲ್ಲಿ ನಮ್ಮ ಕೈಗೆ ಸಿಗುವುದು 94. ಹಳೆಯ ರೂಟರಿನ ಪೋರ್ಟೇ 100ರದ್ದಾಗಿದ್ದರೂ ಇದೇ ಅಂಕಿ ಬರುತ್ತದೆ.

ದೋಷ ವೈಫೈಯಲ್ಲಿದೆ ಎಂದಾದರೆ ರೂಟರ್ ಎಲ್ಲಿದೆ ನೋಡಬೇಕು. ತಂತಿ ಎಳೆಯಲು ಸುಲಭವಾದ ಜಾಗವೆಂದು ಅದನ್ನು ಮುಂಬಾಗಿಲ ಮೂಲೆಯಲ್ಲೋ ಟಿವಿಯ ಹಿಂದೆಯೋ ಇಟ್ಟಿರುತ್ತಾರೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಎರಡನೆಯದು ಹೆಚ್ಚು ವೇಗ ಕೊಡುತ್ತದೆ, ಗೋಡೆಗೆ ಬೇಗ ಸೋಲುತ್ತದೆ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಬಯಲುಸೀಮೆಯ ಸೈಜುಗಲ್ಲಿನ ಗೋಡೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಛಾವಣಿ, ಗಾಡ್ರೇಜ್ ಬೀರು ಇವೆಲ್ಲ ಅಲೆಗೆ ತಡೆ. ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕು: 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಒಂದೇ ಚಾನೆಲ್ಲಿನಲ್ಲಿರುವ ಯಂತ್ರಗಳು ಸರದಿಯಂತೆ ಮಾತಾಡಬೇಕು, ಪಕ್ಕದ ಮನೆಯವೂ ಆ ಸರದಿಯಲ್ಲಿವೆ. ರೂಟರನ್ನು ಮನೆಯ ನಡುವಿಗೆ, ಎದೆಮಟ್ಟದ ಎತ್ತರಕ್ಕೆ ತಂದು, ಹತ್ತಿರದ ಸಾಧನಗಳನ್ನು 5ಕ್ಕೆ ಸೇರಿಸಿದರೆ ಖರ್ಚಿಲ್ಲದೆ ಬಹಳಷ್ಟು ಸರಿಹೋಗುತ್ತದೆ.

ತಂತಿ, ಅಲೆ ಎರಡೂ ಸರಿಯಿದ್ದು ಪುಟಗಳು ತೆರೆಯದಿದ್ದರೆ ‘ಪಿಂಗ್’ ಇದೆ. ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ಹೇಳುವ ಇದು ಮೈಕ್ ಮೂಸ್ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಮೊದಲು ರೂಟರಿನ ವಿಳಾಸಕ್ಕೆ, ಆಮೇಲೆ 8.8.8.8 ಎಂಬ ಹೊರಗಿನ ವಿಳಾಸಕ್ಕೆ, ಕೊನೆಗೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್ ಕಳಿಸಿ. ಮೊದಲನೆಯದೇ ತಪ್ಪಿದರೆ ದೋಷ ಮನೆಯೊಳಗೆ. ಎರಡನೆಯದು ತಪ್ಪಿದರೆ ಹೊರಗಿನ ಲೈನಿನಲ್ಲಿ ಅಥವಾ ಖಾತೆಯಲ್ಲಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ; ಸೆಟ್ಟಿಂಗಿನಲ್ಲಿ ಬೇರೆ ಡಿಎನ್‌ಎಸ್ ಹಾಕಿದರೆ ಮುಗಿಯಿತು. ಪಿಂಗಿನ ಸಮಯಕ್ಕೆ ಪ್ರಕೃತಿಯೇ ಹಾಕಿದ ಮಿತಿಯೂ ಇದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸುಮಾರು 3,200 ಕಿಲೋಮೀಟರ್ ದೂರದ ಸಿಂಗಪುರಕ್ಕೆ ನೇರ ಕೇಬಲ್ ಇದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್ ಬೇಕು. ಎಷ್ಟು ದುಬಾರಿ ಪ್ಲಾನ್ ಕೊಂಡರೂ ಇದು ಕಡಿಮೆಯಾಗದು.

ಕೇಬಲ್ಲಿನಲ್ಲೂ ಬೆಳಿಗ್ಗೆ ಪೂರ್ತಿ ವೇಗ, ರಾತ್ರಿ ಮಾತ್ರ ಕುಸಿತ ಎಂದರೆ ಅದು ಹಂಚಿಕೆಯ ಲೆಕ್ಕ. ಜಿಪಾನ್‌ನ ಒಂದು ಫೈಬರ್ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2,488 ಮೆಗಾಬಿಟ್ ಹೊರುತ್ತದೆ. 32 ಮನೆಗಳೂ ಒಟ್ಟಿಗೆ ಎಳೆದರೆ ತಲಾ 78ಕ್ಕಿಂತ ಕಡಿಮೆ. ಎಲ್ಲರೂ ಒಂದೇ ಕ್ಷಣ ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ನೂರರ ಪ್ಲಾನ್ ಮಾರುತ್ತಾರೆ, ಸಾಮಾನ್ಯವಾಗಿ ಆ ನಂಬಿಕೆ ಸರಿಯೂ ಹೌದು. ಈ ಫೈಬರಿನಿಂದ ಮೇಲಕ್ಕೆ, ಕೇಂದ್ರದ ಆಚೆಗಿರುವ ಕೊಂಡಿಗಳನ್ನು ಅಗಲ ಮಾಡದೆ ಗ್ರಾಹಕರನ್ನು ಸೇರಿಸುತ್ತ ಹೋದಾಗ ಲೆಕ್ಕ ತಪ್ಪುತ್ತದೆ. ಈ ದೋಷ ನಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿದರೆ ಹೋಗುವಂಥದಲ್ಲ.

ಆದ್ದರಿಂದ ಲೈನ್‌ಮನ್ ಇನ್ನೂ ಮನೆಯಲ್ಲಿರುವಾಗಲೇ ಮೂರು ಅಂಕಿ ಬರೆದಿಟ್ಟುಕೊಳ್ಳಿ: ಆಪ್ಟಿಕಲ್ ಪವರ್ ಎಷ್ಟು, ಕೇಬಲ್ಲಿನಲ್ಲಿ ವೇಗ ಎಷ್ಟು, ರೂಟರಿಗೂ ಹೊರಗೂ ಪಿಂಗ್ ಎಷ್ಟು. ಮುಂದೆ ಕೆಟ್ಟಾಗ ಹೋಲಿಸಲು ಆಧಾರ ಇದೇ. ‘ನೆಟ್ ಸ್ಲೋ’ ಎಂಬ ದೂರಿಗೆ ಯಾರನ್ನು ಕಳಿಸಬೇಕೆಂದು ಕಂಪನಿಗೂ ತಿಳಿಯದು. ‘ಮೈನಸ್ 20 ಇದ್ದ ಪವರ್ ನಿನ್ನೆಯ ಮಳೆಯ ನಂತರ ಮೈನಸ್ 28 ಆಗಿದೆ’ ಎಂದರೆ ಫೈಬರ್ ಜೋಡಿಸುವವರೇ ಬರುತ್ತಾರೆ. ‘ಕೇಬಲ್ಲಿನಲ್ಲಿ ಬೆಳಿಗ್ಗೆ ಆರಕ್ಕೆ 95, ರಾತ್ರಿ ಒಂಬತ್ತಕ್ಕೆ 20’ ಎಂದರೆ ನಿಮ್ಮ ಮೊಬೈಲ್ ಸರಿಯಿಲ್ಲ ಎಂದು ಸಾಗಹಾಕಲು ಬರುವುದಿಲ್ಲ. ತಿಂಗಳು ತಿಂಗಳು ಹಣ ಕಟ್ಟುವ ಗ್ರಾಹಕನ ಕೈಯಲ್ಲಿ ಇಷ್ಟು ಅಳತೆಯಾದರೂ ಇರಬೇಕು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ, ಒಂದು ಕೇಬಲ್ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.