ಹಿಮಕುಸಿತ



೨೦೧೬ನೆಯ ಇಸವಿ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು ೧೯,೬೦೦ ಅಡಿ ಎತ್ತರದ ಸೇನಾನೆಲೆಯೊಂದರ ಮೇಲೆ ಮಂಜುಗಡ್ಡೆಯ ಗೋಡೆ ಕುಸಿದು ಹತ್ತು ಮಂದಿ ಯೋಧರನ್ನು ಹುಗಿದುಬಿಟ್ಟಿತು. ಆರನೆಯ ದಿನ ಜೀವಂತವಾಗಿ ದೊರೆತವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರೇ. ಅವರೂ ಫೆಬ್ರವರಿ ೧೧ರಂದು ದೆಹಲಿಯಲ್ಲಿ ಅಸುನೀಗಿದರು. ಹಿಮವನ್ನೇ ಕಾಣದ ನಮ್ಮ ನಾಡಿಗೆ ಹಿಮದ ಉಗ್ರತೆ ಅಂದು ತಿಳಿಯಿತು. ಹಿಮವು ಕುಸಿಯುವುದೇಕೆ ಎಂಬುದನ್ನು ನಾವೂ ಅರಿತಿರುವುದು ಉಚಿತ.

ಅಲ್ಲಿ ಬಿದ್ದುದು ಗಟ್ಟಿ ಮಂಜುಗಡ್ಡೆ. ಆದರೆ ಪರ್ವತಪ್ರವಾಸಿಗಳನ್ನು ಹೆಚ್ಚಾಗಿ ಬಲಿಗೊಳ್ಳುವುದು, ಚಪ್ಪಡಿಯಂತೆ ಒಮ್ಮೆಲೇ ಜಾರುವ ಹಿಮ. ನೋಡುವವರಿಗೆ ಹಿಮವು ಹಿಂಜಿದ ಹತ್ತಿಯ ಒಂದೇ ರಾಶಿ. ವಸ್ತುತಃ ಅದು ಪದರ ಪದರವಾದದ್ದು. ಬಿದ್ದ ಹಿಮ, ಬೀಸಿದ ಗಾಳಿ, ಕಾಯ್ದ ಬಿಸಿಲು, ಪ್ರತಿಯೊಂದೂ ಅದರಲ್ಲಿ ತನ್ನ ಗುರುತನ್ನು ಉಳಿಸುತ್ತದೆ. ಈ ಪದರಗಳಲ್ಲಿ ಒಂದು ದುರ್ಬಲವಾದರೂ ಅಪಾಯ ಸಿದ್ಧವಾದಂತೆ.

ಆ ದೌರ್ಬಲ್ಯ ಹುಟ್ಟುವ ಬಗೆ ವಿಚಿತ್ರವಾದುದು. ಹಿಮದ ಹೊದಿಕೆಯ ಅಡಿಯಲ್ಲಿ ನೆಲವು ಸೊನ್ನೆ ಡಿಗ್ರಿಯ ಸಮೀಪದಲ್ಲಿರುತ್ತದೆ. ನಿರ್ಮಲವಾದ ರಾತ್ರಿಗಳಲ್ಲಿ ಮೇಲ್ಮೈ ಅದಕ್ಕಿಂತ ಬಹು ತಣ್ಣಗಾಗುತ್ತದೆ. ಆಗ ಕೆಳಗಿನ ಹರಳುಗಳಿಂದ ಆವಿಯೆದ್ದು ಮೇಲೇರಿ, ದಪ್ಪನಾದ, ಕೋನಗಳುಳ್ಳ ಹೊಸ ಹರಳುಗಳು ಬೆಳೆಯುತ್ತವೆ. ಇವು ಸಕ್ಕರೆಯಂತೆ ಬಿಡಿಬಿಡಿ, ಒಂದಕ್ಕೊಂದು ಅಂಟವು. ಹಿಮವು ತೆಳುವಾಗಿದ್ದು ಚಳಿ ತೀವ್ರವಾದಷ್ಟೂ ಈ ಕ್ರಿಯೆ ಪ್ರಬಲ. ಅನಂತರ ಬಿರುಗಾಳಿ ಹೊಸ ಹಿಮವನ್ನು ತಂದು ಅದರ ಮೇಲೆ ಗಟ್ಟಿಯಾಗಿ ಒಟ್ಟಿದರೆ, ಸಕ್ಕರೆ ಚೆಲ್ಲಿದ ಓರೆಹಲಗೆಯ ಮೇಲೆ ಕಲ್ಲುಚಪ್ಪಡಿ ಇಟ್ಟಂತಾಯಿತು.

ಇಂತಹ ಚಪ್ಪಡಿ ಜಾರುವುದು ಬಹುಮಟ್ಟಿಗೆ ೩೦ರಿಂದ ೪೫ ಡಿಗ್ರಿ ಓರೆಯುಳ್ಳ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿದಾದೆಡೆ ಹಿಮವು ಆಗಾಗ ಉದುರಿಹೋಗುವುದರಿಂದ ದೊಡ್ಡ ರಾಶಿ ನಿಲ್ಲುವುದು ಕಡಮೆ. ಇನ್ನು ಕುಸಿತವನ್ನು ಕೆಣಕುವವರಾರು? ಸಿಕ್ಕಿಬಿದ್ದ ಪ್ರವಾಸಿಗಳಲ್ಲಿ ಬಹುಮಂದಿಯ ವಿಷಯದಲ್ಲಿ ಅವರೇ, ಇಲ್ಲವೆ ಅವರ ಸಂಗಡಿಗರೇ! ಒಬ್ಬನ ಭಾರಕ್ಕೆ ದುರ್ಬಲ ಪದರ ಮುರಿದು, ಬಿರುಕು ಕ್ಷಣಮಾತ್ರದಲ್ಲಿ ಇಳಿಜಾರಿನುದ್ದಕ್ಕೂ ಹರಡುತ್ತದೆ.

ಪರ್ವತವು ಮುನ್ಸೂಚನೆ ಕೊಡುವುದೂ ಉಂಟು. ಸಮೀಪದಲ್ಲಿ ಆಗತಾನೆ ಆದ ಕುಸಿತ, ಕಾಲಡಿಯಲ್ಲಿ 'ಧುಮ್' ಎಂಬ ಸದ್ದು, ಹೆಜ್ಜೆಯಿಂದ ಓಡುವ ಬಿರುಕು, ಭಾರಿ ಹಿಮ ಸುರಿದ ಮರುದಿನ, ಹಠಾತ್ತನೆ ಏರಿದ ಶಾಖ, ಇವನ್ನು ಕಂಡವರು ಹಿಂದಿರುಗುವುದೇ ವಿವೇಕ. ಆದರೆ ಸೂಚನೆ ಕಾಣದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಲಾಗದು. ನಮ್ಮ ದೇಶದಲ್ಲಿ ಈ ಅಧ್ಯಯನಕ್ಕಾಗಿ ೧೯೬೯ರಲ್ಲಿ ಮನಾಲಿಯಲ್ಲಿ ಸ್ಥಾಪಿತವಾದ ರಕ್ಷಣಾ ಸಂಶೋಧನಾ ಸಂಸ್ಥೆಯು ೨೦೨೦ರಲ್ಲಿ ಬೇರೊಂದು ಸಂಸ್ಥೆಯೊಡನೆ ವಿಲೀನವಾಗಿದೆ. ಎಚ್ಚರಿಕೆ ನೀಡುವ ಕಾರ್ಯ ಮುಂದುವರಿದಿದೆ.

ಹುಗಿದುಹೋದವನಿಗೆ ಉಳಿದಿರುವ ಕಾಲ ಅತ್ಯಲ್ಪ. ಮೊದಲ ಹತ್ತು ನಿಮಿಷಗಳೊಳಗೆ ಹೊರತೆಗೆದವರಲ್ಲಿ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರುಕಟ್ಟಿ ಹೆಚ್ಚಿನವರು ಸಾಯುತ್ತಾರೆ. ಆದುದರಿಂದ ದೂರದ ನೆರವಿಗಿಂತ ಪಕ್ಕದ ಸಂಗಡಿಗನೇ ಆಪದ್ಬಂಧು. ಅವನಲ್ಲಿ ಸಂಕೇತಯಂತ್ರವೂ ಶೋಧನದಂಡವೂ ಸಲಿಕೆಯೂ ಇರಬೇಕು. ಆರು ದಿನ ಉಳಿದ ಹನುಮಂತಪ್ಪನವರ ಉದಾಹರಣೆ ಅಪವಾದ, ನಿಯಮವು ನಿಮಿಷಗಳದು. ಹಿಮಾಲಯಕ್ಕೆ ಹೊರಟ ನಮ್ಮ ತರುಣರು ಇದನ್ನು ನೆನಪಿನಲ್ಲಿಡಲಿ ಎಂದು ಬಿನ್ನವಿಸಿ ವಿರಮಿಸುತ್ತೇನೆ.