ಚೀಟಿ ಇದೆ, ಹಾಡು ಎಲ್ಲಿ?

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಕಂಪ್ಯೂಟರ್ ‘ಜಾಗ ಸಾಲದು’ ಎಂದು ಹಟ ಹಿಡಿಯಿತು. ನಾನೇ ಒಂದಿಷ್ಟು ಗುಡಿಸೋಣವೆಂದು ಕುಳಿತೆ. ನನ್ನಾಕೆ ತೀರಿಕೊಳ್ಳುವ ಮುಂಚಿನ ವರ್ಷ ಹಾಡಿದ್ದ ಸೋಬಾನೆ ಹಾಡುಗಳ ಧ್ವನಿಮುದ್ರಣ ಎರಡು ಕಡೆ ಕಾಣಿಸಿತು. ಒಂದು ಪರದೆಯ ಮೇಲೆ, ಇನ್ನೊಂದು ‘ಹಳೆಯ ಫೋನ್’ ಎಂಬ ಫೋಲ್ಡರಿನೊಳಗೆ. ಒಂದೇ ಹಾಡು ಎರಡೆರಡು ಕಡೆ ಏಕೆ ಎಂದುಕೊಂಡು ಫೋಲ್ಡರಿನೊಳಗಿದ್ದುದನ್ನು ಅಳಿಸಿಬಿಟ್ಟೆ. ಸಂಜೆ ಎಂದಿನಂತೆ ಪರದೆಯ ಮೇಲಿನದನ್ನು ಒತ್ತಿದರೆ ಸದ್ದೇ ಇಲ್ಲ. ಹೆಸರು ಇದೆ, ಹಾಡು ಇಲ್ಲ!

ಎಂಟನೇ ತರಗತಿಯ ಮೊಮ್ಮಗಳು ಓಡಿಬಂದಳು. “ಅಜ್ಜಾ, ಪರದೆ ಮೇಲೆ ಇದ್ದದ್ದು ಹಾಡಲ್ಲ, ಹಾಡಿನ ವಿಳಾಸ. ನಿನಗೆ ಹುಡುಕೋಕೆ ಕಷ್ಟ ಆಗಬಾರದು ಅಂತ ನಾನೇ ಹಾಕಿಟ್ಟಿದ್ದೆ. ಕಸದ ಬುಟ್ಟಿ ಖಾಲಿ ಮಾಡಿದ್ಯಾ?”

ನನಗೆ ನೆನಪಾಗಲಿಲ್ಲ. ಎದೆ ಧಸಕ್ಕೆಂದಿತು.

ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ವಿಳಾಸದ ಚೀಟಿ ಏನೆಂದು ಮೊದಲು ತಿಳಿಯೋಣ, ಬನ್ನಿ.

ಅಟ್ಟದ ಮೇಲಿನ ಹಪ್ಪಳ

ಮಕ್ಕಳೇ, ನಿಮ್ಮ ಅಜ್ಜಿ ಹಪ್ಪಳದ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಒಲೆಯ ಪಕ್ಕದಲ್ಲಿ ‘ಹಪ್ಪಳ ಅಟ್ಟದ ಮೇಲೆ, ಕೆಂಪು ಡಬ್ಬಿಯಲ್ಲಿ’ ಎಂದು ಚೀಟಿ ಅಂಟಿಸಿದ್ದಾರೆ ಎಂದುಕೊಳ್ಳಿ. ಚೀಟಿಯನ್ನು ಕರಿದು ತಿನ್ನಲಾಗದು. ಆದರೆ ಹಪ್ಪಳ ಎಲ್ಲಿದೆ ಎಂದು ಅದು ಹೇಳುತ್ತದೆ. ಕಂಪ್ಯೂಟರಿನಲ್ಲಿ ಇಂಥ ಚೀಟಿಗೆ ‘ಸಿಂಬಾಲಿಕ್ ಲಿಂಕ್’ ಎಂದು ಹೆಸರು. ‘ಸಾಂಕೇತಿಕ ಕೊಂಡಿ’ ಎನ್ನಬಹುದು. ಇದೂ ಒಂದು ಪುಟ್ಟ ಕಡತವೇ. ಅದರೊಳಗೆ ಇರುವುದು ಇನ್ನೊಂದು ಕಡತದ ವಿಳಾಸ ಮಾತ್ರ.

ಆದರೆ ಒಂದು ವ್ಯತ್ಯಾಸವಿದೆ. ಅಡುಗೆಮನೆಯ ಚೀಟಿ ಓದಿದ ಮೇಲೆ ಅಟ್ಟ ಹತ್ತಬೇಕಾದವರು ನಾವು. ಕಂಪ್ಯೂಟರಿನಲ್ಲಿ ಚೀಟಿ ಮುಟ್ಟಿದರೆ ಸಾಕು, ಅದೇ ಅಟ್ಟ ಹತ್ತಿ ಹಪ್ಪಳ ತಂದುಕೊಡುತ್ತದೆ. ಹಾಗಾಗಿಯೇ ನನ್ನಂಥವರು ಚೀಟಿಯನ್ನೇ ಹಪ್ಪಳವೆಂದು ನಂಬಿಬಿಡುವುದು.

ಕಿಟಕಿಯಲ್ಲಿ ಕೊಟ್ಟ ಚಲನ್

ಈ ಚೀಟಿ ಬರೆಯುವವರು ಯಾರು? ಬ್ಯಾಂಕಿನಲ್ಲಿ ಹಣ ಬೇಕಾದರೆ ನಾವೇ ತಿಜೋರಿಗೆ ಕೈ ಹಾಕುವಂತಿಲ್ಲ. ಕಿಟಕಿಯಲ್ಲಿ ಚೀಟಿ ತುಂಬಿ ಕೊಡಬೇಕು, ಒಳಗಿನವರು ತಂದುಕೊಡಬೇಕು. ಕಂಪ್ಯೂಟರಿನಲ್ಲೂ ಹಾಗೆಯೇ. ಹಾಡು ಕೇಳಿಸುವ, ಚಿತ್ರ ತೋರಿಸುವ ಪ್ರೋಗ್ರಾಮುಗಳು ಡಿಸ್ಕಿನ ಮೇಲೆ ತಾವೇ ಬರೆಯುವಂತಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ‘ಕರ್ನೆಲ್’ ಅನ್ನು ಕೇಳಿಕೊಳ್ಳಬೇಕು. ಹೀಗೆ ಕೇಳುವುದಕ್ಕೆ ‘ಸಿಸ್ಟಮ್ ಕಾಲ್’ ಎನ್ನುತ್ತಾರೆ.

ಕೊಂಡಿ ಮಾಡುವ ಕರೆಯ ಹೆಸರು ‘ಸಿಮ್‌ಲಿಂಕ್’. ಅದಕ್ಕೆ ಎರಡು ವಿವರ ಕೊಡಬೇಕು: ಮೊದಲು ಮೂಲ ಕಡತದ ವಿಳಾಸ, ಆಮೇಲೆ ಹೊಸ ಚೀಟಿಯ ಹೆಸರು. ಪೈಥಾನ್ ಕಲಿಯುವ ಮಕ್ಕಳು ‘ಓಎಸ್ ಡಾಟ್ ಸಿಮ್‌ಲಿಂಕ್’ ಎಂದು ಬರೆದರೂ ಲಿನಕ್ಸಿನಲ್ಲಿ ಆ ಕೋರಿಕೆ ಕೊನೆಗೆ ತಲುಪುವುದು ಇದೇ ಕಿಟಕಿಗೆ. ಆ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ ಕರ್ನೆಲ್ ‘ಆಗದು’ ಎನ್ನುತ್ತದೆ, ಇದ್ದುದನ್ನು ಅಳಿಸುವುದಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ನೀವು ಕೊಟ್ಟ ವಿಳಾಸದಲ್ಲಿ ನಿಜಕ್ಕೂ ಕಡತ ಇದೆಯೇ ಎಂದು ಈ ಕರೆ ನೋಡುವುದೇ ಇಲ್ಲ! ಹೇಳಿದ್ದನ್ನು ಹೇಳಿದ ಹಾಗೆ ಬರೆದಿಡುತ್ತದೆ. ಅಟ್ಟದಲ್ಲಿ ಡಬ್ಬಿ ಇಲ್ಲದಿದ್ದರೂ ಚೀಟಿ ತಯಾರಾಗುತ್ತದೆ. ಎಡವಟ್ಟು ತಿಳಿಯುವುದು ಹಪ್ಪಳ ಬೇಕಾದಾಗಲೇ.

ಎರಡು ಚೀಟಿಗಳು ‘ಅಲ್ಲಿ ನೋಡು’, ‘ಇಲ್ಲಿ ನೋಡು’ ಎಂದು ಒಂದನ್ನೊಂದು ತೋರಿಸಿದರೆ? ಲಿನಕ್ಸ್ 40 ಕೊಂಡಿಗಳವರೆಗೆ ತಾಳ್ಮೆಯಿಂದ ಹಿಂಬಾಲಿಸಿ, ಆಮೇಲೆ ‘ಕೊಂಡಿಗಳು ಅತಿಯಾದವು’ ಎಂದು ಕೈಬಿಡುತ್ತದೆ.

ಎರಡು ಹೆಸರಿನ ಹುಡುಗ

ಇದಕ್ಕಿಂತ ಹಳೆಯದೊಂದು ಉಪಾಯವಿದೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ ಯೂನಿಕ್ಸಿನಲ್ಲಿ 1971ರಲ್ಲೇ ‘ಲಿಂಕ್’ ಎಂಬ ಕರೆ ಇತ್ತು. ಅದು ಚೀಟಿಯಲ್ಲ, ಇನ್ನೊಂದು ಹೆಸರು. ಮನೆಯಲ್ಲಿ ‘ಪುಟ್ಟ’, ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು, ಹುಡುಗ ಮಾತ್ರ ಒಬ್ಬನೇ. ಒಂದು ಹೆಸರು ಅಳಿಸಿದರೂ ಹುಡುಗ ಎಲ್ಲೂ ಹೋಗುವುದಿಲ್ಲ. ಇದಕ್ಕೆ ‘ಹಾರ್ಡ್ ಲಿಂಕ್’ ಎನ್ನುತ್ತಾರೆ. ಆದರೆ ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ಇದು ದಾಟದು. ವಿಳಾಸದ ಚೀಟಿಗೆ ಆ ಅಡ್ಡಿ ಇಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಬಂದ 4.2 ಬಿಎಸ್‌ಡಿ ಎಂಬ ಯೂನಿಕ್ಸಿನಲ್ಲಿ ಸಿಮ್‌ಲಿಂಕ್ ಸೇರಿತು. ವಿಂಡೋಸಿನಲ್ಲಿ ವಿಸ್ಟಾ ಬಂದಾಗಿನಿಂದ ಇಂಥ ಕೊಂಡಿ ಮಾಡಬಹುದು.

ಅಳಿಸುವ ಮುನ್ನ

ಚೀಟಿಯನ್ನು ಅಳಿಸಿದರೆ ಹೋಗುವುದು ಚೀಟಿ ಮಾತ್ರ, ಮೂಲ ಕಡತ ಕ್ಷೇಮ. ಮೂಲವನ್ನು ಅಳಿಸಿದರೆ, ಬೇರೆಡೆಗೆ ಸರಿಸಿದರೆ ಅಥವಾ ಹೆಸರು ಬದಲಿಸಿದರೆ ಚೀಟಿ ಹಳೆಯ ವಿಳಾಸವನ್ನೇ ಹಿಡಿದು ನಿಂತಿರುತ್ತದೆ. ಮನೆ ಖಾಲಿ ಮಾಡಿ ಹೋದವರ ಬಾಗಿಲಿಗೆ ಬಂದ ಕಾಗದದ ಹಾಗೆ.

ಹಾಗಾದರೆ ಗುರುತಿಸುವುದು ಹೇಗೆ? ಸಾಮಾನ್ಯವಾಗಿ ಕೊಂಡಿಯ ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣವಿರುತ್ತದೆ. ಅಜ್ಜ ಅಜ್ಜಿಯರೇ, ಅಳಿಸುವ ಮುನ್ನ ಕನ್ನಡಕ ಹಾಕಿಕೊಂಡು ಆ ಬಾಣವನ್ನೊಮ್ಮೆ ಹುಡುಕಿ. ಮಕ್ಕಳೇ, ಹಿರಿಯರಿಗೆ ಇಂಥ ಕೊಂಡಿ ಮಾಡಿಕೊಟ್ಟರೆ ‘ಇದು ಚೀಟಿ, ಹಾಡು ಅಲ್ಲಿದೆ’ ಎಂದು ಹೇಳಲು ಮರೆಯಬೇಡಿ. ಚೀಟಿಯನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಹಾಡು ಉಳಿಯಿತೆಂದು ನೆಮ್ಮದಿಯಿಂದ ಇರಬೇಡಿ.

ಇನ್ನು ನಮ್ಮ ಮನೆಯ ಹಾಡಿನ ಕತೆ. ಮೊಮ್ಮಗಳು ಕಸದ ಬುಟ್ಟಿ ತೆರೆದಳು. ಪುಣ್ಯಕ್ಕೆ ನಾನು ಅದನ್ನು ಖಾಲಿ ಮಾಡಿರಲಿಲ್ಲ. ಹಾಡು ಅಲ್ಲೇ ಇತ್ತು. ಅದನ್ನು ಅದೇ ಫೋಲ್ಡರಿಗೆ, ಅದೇ ಹೆಸರಿನಲ್ಲಿ ಮರಳಿ ಇಟ್ಟಳು. ಚೀಟಿಯನ್ನು ಮುಟ್ಟಲೇ ಇಲ್ಲ.

“ಈಗ ಒತ್ತು ಅಜ್ಜಾ.”

ಒತ್ತಿದೆ. ಮೊದಲು ಕೆಮ್ಮು, ಆಮೇಲೆ ಬಳೆಯ ಸದ್ದು, ಆಮೇಲೆ ಅವಳ ದನಿ. ಚೀಟಿ ಹೇಳುತ್ತಿದ್ದ ಜಾಗಕ್ಕೆ ಹಾಡು ಮರಳಿ ಬಂದಿತ್ತು, ಅಷ್ಟೇ.

ಮರುದಿನ ಎರಡು ಪೆನ್‌ಡ್ರೈವ್ ತಂದು ಹಾಡನ್ನೇ ನಕಲು ಮಾಡಿದೆವು. ಒಂದು ನನ್ನ ಬೀರುವಿನಲ್ಲಿದೆ, ಇನ್ನೊಂದು ಮಗಳ ಮನೆಯಲ್ಲಿ. ಎರಡನ್ನೂ ಬೇರೆ ಕಂಪ್ಯೂಟರಿಗೆ ಹಾಕಿ, ಪೂರ್ತಿ ಹಾಡಿಸಿ ನೋಡಿದ ಮೇಲೆಯೇ ಒಳಗಿಟ್ಟೆವು.